ಇದ್ದಿಲಿನ ಅಕ್ಷರ

ಚಿತ್ರದುರ್ಗದ ಬೆಟ್ಟಗಳ ಮಗ್ಗುಲಿಗಿರುವ ಚಂದ್ರವಳ್ಳಿಯಲ್ಲಿ, ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ, ಕದಂಬ ಮಯೂರಶರ್ಮನ ಕೆರೆಯೊಂದರ ಸಂಗತಿ ಪ್ರಾಕೃತ ಭಾಷೆಯಲ್ಲಿ ಕೊರೆಯಲ್ಪಟ್ಟಿದೆ. ಕಲ್ಲನ್ನು ಕೊರೆಯುವುದು ದ್ರವ್ಯವನ್ನೂ ಶ್ರಮವನ್ನೂ ಬೇಡುವ ಕಾರ್ಯವಾದುದರಿಂದ, ಪೂರ್ವಿಕರು ಅದಕ್ಕೆ ಕೆರೆಯನ್ನೋ ದತ್ತಿಯನ್ನೋ ವೀರಮರಣವನ್ನೋ ಮಾತ್ರ ಒಪ್ಪಿಸಿ, ಪರನಿಂದೆಯನ್ನು ಇದ್ದಿಲಿಗೆ ಬಿಟ್ಟಿದ್ದರು. ಕೋಟೆಯ ಬಂಡೆಗಳ ಮೇಲೂ ಶಾಲೆಯ ಹಿಂಗೋಡೆಯ ಮೇಲೂ ಹುಡುಗರು ಇದ್ದಿಲಿನಿಂದ ಗೀಚಿದ ಹೆಸರುಗಳು, ಜೋಡಿಸಿದ ಜೋಡಿಗಳು, ಹೇಳಬಾರದ ಮಾತುಗಳು ಮುಂದಿನ ಮಳೆಗೆ ಕರಗುತ್ತಿದ್ದವು. ಮಳೆ ಕೈಕೊಟ್ಟ ವರ್ಷ (ನಮ್ಮ ಸೀಮೆಯಲ್ಲಿ ಅದೇನು ಅಪರೂಪವಲ್ಲ) ಹಬ್ಬದ ಸುಣ್ಣ ಅವುಗಳನ್ನು ಮುಚ್ಚುತ್ತಿತ್ತು.

ಹಾಗೆಂದು ಹಿಂದಿನ ಬಾಲ್ಯವನ್ನು ಸತ್ಯಯುಗವೆಂದು ವರ್ಣಿಸಲಾರೆ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿ, ಹುಣಸೆಬೀಜದ ಅಂಟೂ ಮಸಿಯೂ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯಿಸುತ್ತಿದ್ದ ಕೂಲಿಮಠಗಳಲ್ಲಿ, ತಪ್ಪು ಮಾಡಿದವನನ್ನು ತೊಲೆಗೆ ಕಟ್ಟಿದ ಹಗ್ಗಕ್ಕೆ ಜೋತುಬೀಳಿಸುವ ಕೋದಂಡವೆಂಬ ಶಿಕ್ಷೆಯೂ ಇತ್ತು. ಅದಕ್ಕಿಂತ ಕ್ರೂರವೆಂದು ನನಗೆ ತೋರುವುದು, ಇತ್ತೀಚಿನವರೆಗೂ ಉಳಿದಿದ್ದ ಇನ್ನೊಂದು ಪದ್ಧತಿ: ಮಗ್ಗಿ ತಪ್ಪಿದವನ ಮೂಗು ಹಿಡಿದು, ಸರಿಯಾಗಿ ಹೇಳಿದವನಿಂದ ಕೆನ್ನೆಗೆ ಹೊಡೆಸುವುದು. ಗುರುವಿನ ಪೆಟ್ಟು ಸಂಜೆಗೆ ಮರೆತುಹೋಗುತ್ತಿತ್ತು. ಸಮವಯಸ್ಕನ ಪೆಟ್ಟು, ಅದರ ಬೆನ್ನಲ್ಲೇ ತರಗತಿಯಿಡೀ ನಕ್ಕ ನಗು, ಮರೆಯುವಂಥದಲ್ಲ. ಕುಂಟ, ಮೆಳ್ಳ, ಕರಿಯ ಎಂಬ ಅಡ್ಡಹೆಸರುಗಳೂ ಜಾತಿ ಹಿಡಿದು ಕರೆಯುವ ಹೆಸರುಗಳೂ ಆ ನಗೆಯಿಂದಲೇ ಬೆಳೆದವು.

ಈ ನಗೆಗೆ ನಾವು ದೊಡ್ಡವರೂ ದನಿಗೂಡಿಸಿದ್ದೇವೆ. ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ಇದೇ ಕೋಟೆಯಲ್ಲಿ ಚಿತ್ರೀಕರಿಸಿ 1972ರಲ್ಲಿ ತೆರೆಗೆ ತಂದ ‘ನಾಗರಹಾವು’, ಒಳಗೆ ಬೇಯುವ ಹರೆಯದ ಹುಡುಗನೊಬ್ಬನನ್ನು ಕರುಣೆಯಿಂದ ಕಂಡ ಕೃತಿಯೆಂಬುದು ನಿರ್ವಿವಾದ. ಆದರೆ ಅದರಲ್ಲಿ ಹುಡುಗಿಯರನ್ನು ದಾರಿಗಡ್ಡಗಟ್ಟಿ ಕೆಣಕುವ ಜಲೀಲನಿಗೆ ಚಿತ್ರಮಂದಿರಗಳಲ್ಲಿ ಬಿದ್ದ ಶಿಳ್ಳೆಯೂ ಅಷ್ಟೇ ನಿಜ. ತೆರೆಯ ಮೇಲಿನ ಹುಡುಗಿ ನಗಲಿಲ್ಲ.

ಹೀಗಿದ್ದರೂ ಆ ಹಿಂಸೆಗೊಂದು ಎಲ್ಲೆ ಇತ್ತು. ಹೊಸದುರ್ಗದ, ಹೊಳಲ್ಕೆರೆಯ ಹಳ್ಳಿಗಳಿಂದ ದುರ್ಗಕ್ಕೋ ಸಿರಿಗೆರೆಗೋ ಬಂದು ವಿದ್ಯಾರ್ಥಿನಿಲಯ ಸೇರಿದ ಬಾಲಕನು ಹಿರಿಯ ಹುಡುಗರ ಕಾಟವನ್ನು ಸಹಿಸಿ, ರಜೆಗೆ ಊರಿನ ಬಸ್ಸು ಹತ್ತಿದನೆಂದರೆ ಆ ಕಾಟವು ಹಿಂದೆಯೇ ಉಳಿಯುತ್ತಿತ್ತು. ಬಳಿಕ ಹೆದ್ದಾರಿಯ ಹಿರಿಯೂರಿನಂಥ ಊರುಗಳಿಗೆ ಸೈಬರ್ ಸೆಂಟರುಗಳು ಬಂದಾಗಲೂ ಗಂಟೆಯ ಲೆಕ್ಕದ ಹಣವೇ ಒಂದು ಲಗಾಮಾಗಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರ ಲಾಕ್‌ಡೌನಿನಲ್ಲಿ ಪಾಠದ ನೆಪದಿಂದ ಪ್ರೌಢಶಾಲೆಯ ಮಕ್ಕಳ ಕೈಗೆ ಬಂದ ಮೊಬೈಲು ಶಾಲೆ ತೆರೆದ ಮೇಲೂ ಅನೇಕ ಮನೆಗಳಲ್ಲಿ ಕೈಯಿಂದ ಇಳಿಯಲಿಲ್ಲ. ಯಂತ್ರವೇ ಪಾಪಿಯೆಂಬ ವಾದವನ್ನು ನಾನು ಒಪ್ಪೆ: ಪಾಣಿನಿಯ ವ್ಯಾಕರಣವನ್ನು ‘ಗಣಕಾಷ್ಟಾಧ್ಯಾಯೀ’ ಎಂಬ ತಂತ್ರಾಂಶವಾಗಿಸಿದವರು ಸಿರಿಗೆರೆಯ ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳೇ ಅಲ್ಲವೆ?

ವಿಪರ್ಯಾಸವಿರುವುದು ಬೇರೆಡೆ. ಇದ್ದಿಲಿನಷ್ಟು ಸುಲಭವಾಗಿ ಬರೆಯಬಹುದಾದ, ಶಾಸನದಷ್ಟು ಕಾಲ ಬಾಳಬಹುದಾದ ಅಕ್ಷರವೊಂದು ಇತಿಹಾಸದಲ್ಲಿ ಮೊದಲ ಸಲ, ಅದೂ ಹದಿನಾಲ್ಕರ ಹರೆಯದವರ ಕೈಗೆ, ದೊರೆತಿದೆ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಸಹಪಾಠಿಯ ಮುಖವನ್ನು ಬೇರೊಂದು ದೇಹಕ್ಕೆ ಅಂಟಿಸಿ ಹಾಕಿದವನು ಅಳಿಸಿದರೂ, ಅಷ್ಟರಲ್ಲಿ ಉಳಿದವರು ತೆಗೆದಿಟ್ಟುಕೊಂಡ ಪ್ರತಿಗಳಲ್ಲಿ ಅದು ಅಳಿಯದು. ಮಗ ರಾತ್ರಿಯೆಲ್ಲ ಮೊಬೈಲು ಬಿಡುವುದಿಲ್ಲವೆಂದು ತಾಯಿತಂದೆಗಳು ಗೋಳಿಡುವಾಗ, ಆಟದ ಚಟವೆಂದೇ ನಾವು ತೀರ್ಮಾನಿಸಿಬಿಡುತ್ತೇವೆ. ಎಷ್ಟೋ ಸಲ ಅದು ಚಟವೇ ಹೌದು, ಕೆಲವು ಸಲ ತನ್ನನ್ನು ಕುರಿತು ಯಾರು ಏನು ಬರೆದರೋ ಎಂಬ ಭಯದ ಕಾವಲು. ಅಂಥವನಿಂದ ಮೊಬೈಲನ್ನು ಕಸಿದುಕೊಳ್ಳುವುದೆಂದರೆ, ಕಾವಲುಗಾರನ ಕೈಯ ದೀವಟಿಗೆಯನ್ನು ಕಿತ್ತುಕೊಂಡು ಕತ್ತಲಲ್ಲಿ ನಿಲ್ಲಿಸಿದಂತೆ.

ಕಾನೂನು ಇಲ್ಲವೆಂದಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯಿದೆಯೇ ರ‍್ಯಾಗಿಂಗನ್ನು ಅಪರಾಧವೆಂದಿತು. ಮಕ್ಕಳ ಅಶ್ಲೀಲ ಚಿತ್ರಗಳನ್ನು ಹರಡುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಪ್ರತ್ಯೇಕ ಶಿಕ್ಷೆಯಿದೆ. ಚಿಕಿತ್ಸೆಯ ಕಡೆ, ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್’ ಎಂಬ ಕ್ಲಿನಿಕ್ಕನ್ನು ತೆರೆಯಿತು. ಹೊಸದುರ್ಗದ ಹಳ್ಳಿಯೊಂದರಿಂದ ಅಲ್ಲಿಗೆ ಹೋಗಿಬರಲು ಒಂದು ದಿನದ ಕೂಲಿಯೂ ಬಸ್ಸಿನ ಹಣವೂ ಬೇಕು; ಅದಕ್ಕಿಂತ ಹೆಚ್ಚಾಗಿ, ಮನಸ್ಸಿನ ಆಸ್ಪತ್ರೆಗೆ ಹೋದರೆಂಬ ಊರಬಾಯಿಯನ್ನು ಎದುರಿಸುವ ಧೈರ್ಯ ಬೇಕು. ಅಷ್ಟು ದೂರ ಹೋಗಲಾರದವರಿಗಾಗಿ 2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಆರಂಭವಾಗಿದೆ. ಸಂಖ್ಯೆ 14416, ಕರೆಗೆ ಹಣವಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು.