ಒಂಟಿ ಹೃದಯಸ್ನಾಯುಕೋಶದ ಬಲಮಾಪನ: ಉಪಕರಣಗಳ ಚರಿತ್ರೆಯ ಒಂದು ಮಗ್ಗುಲು

ಗೂಡಿನ ಎಳೆಯ ತುದಿ ಕೈಗೆ ಸಿಕ್ಕದೆ ಚರಕ ತಿರುಗಿಸಿ ಫಲವಿಲ್ಲವೆಂಬುದನ್ನು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಸೀಮೆಯಲ್ಲಿ ರೇಷ್ಮೆಯ ಕಸುಬು ಬಲ್ಲವರಿಗೆ ಹೇಳಬೇಕಾಗಿಲ್ಲ. ಹೃದಯಸ್ನಾಯುಕೋಶವೂ ಹೆಚ್ಚುಕಡಿಮೆ ಆ ಎಳೆಯಷ್ಟೇ ದಪ್ಪ: ಅಗಲ ಸುಮಾರು 20 ಮೈಕ್ರಾನ್, ಉದ್ದ 100ರಿಂದ 150 ಮೈಕ್ರಾನ್. ಅದರ ಬಲವನ್ನು ಅಳೆಯಹೊರಟವರಿಗೂ ಇದೇ ತೊಡಕು ಎದುರಾಯಿತು. ಈ ಉಪಕರಣಗಳ ಚರಿತ್ರೆಯನ್ನು ಹಿಡಿತದ ಚರಿತ್ರೆಯೆಂದು ಓದುವುದೇ ಯುಕ್ತವೆಂದು ನನ್ನ ಎಣಿಕೆ.

ಹಿಗ್ಗಿದಷ್ಟೂ ಹೃದಯ ಬಲವಾಗಿ ಕುಗ್ಗುತ್ತದೆಂಬುದನ್ನು 1895ರಲ್ಲಿ ಒಟ್ಟೊ ಫ್ರಾಂಕ್ ಕಪ್ಪೆಯ ಹೃದಯದಲ್ಲಿಯೂ, 1914ರ ಹೊತ್ತಿಗೆ ಸ್ಟಾರ್ಲಿಂಗ್ ಮತ್ತು ಸಂಗಡಿಗರು ನಾಯಿಯ ಹೃದಯದಲ್ಲಿಯೂ ತೋರಿಸಿದ್ದರು. ಈ ಗುಣ ಪ್ರತಿಯೊಂದು ಕೋಶಕ್ಕೂ ಸ್ವಂತವೇ, ಅಥವಾ ಅವುಗಳನ್ನು ಹೆಣೆದ ಅಂಗಾಂಶದ್ದೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಕೋಶವನ್ನು ಬಿಡಿಸಿ ತೆಗೆಯಬೇಕಿತ್ತು. ಕಿಣ್ವದಿಂದ ಬಿಡಿಸಿದ ಕೋಶಗಳು ಕ್ಯಾಲ್ಸಿಯಂ ಸೋಂಕಿದೊಡನೆ ಮುದುಡಿ ಸಾಯುತ್ತಿದ್ದುವು. ಕ್ಯಾಲ್ಸಿಯಂ ಇಲ್ಲದೆ ಸಂಕೋಚನವೇ ಇಲ್ಲ. ಕ್ಯಾಲ್ಸಿಯಂ ತಾಳಬಲ್ಲ ಕೋಶಗಳನ್ನು ಪಡೆಯುವ ವಿಧಾನವನ್ನು ಪೊವೆಲ್ ಮತ್ತು ಟ್ವಿಸ್ಟ್ ಪ್ರಕಟಿಸಿದ್ದು 1976ರಲ್ಲಿ.

ಆ ದಶಕದಲ್ಲೇ ಅಲೆಕ್ಸಾಂಡರ್ ಮತ್ತು ಫ್ರಾನ್ಸ್ವಾಸ್ ಫ್ಯಾಬಿಯಾಟೊ ಹೊರಪೊರೆ ತೆಗೆದ ಕೋಶದ ಎಳೆತವನ್ನು ಅಳೆದರು. ಆದರೆ ಪೊರೆಯೊಂದಿಗೆ ಕೋಶದ ಸಹಜ ಉದ್ರೇಕವೂ ಹೋಯಿತು. 1980ರ ದಶಕದಲ್ಲಿ ವಿಡಿಯೊ ಚಿತ್ರದಲ್ಲಿ ಕೋಶದ ಅಂಚನ್ನು ಗುರುತಿಸಿ ಕುಗ್ಗುವಿಕೆಯನ್ನು ದಾಖಲಿಸುವ ಉಪಕರಣ ಬಂದಿತು. ಸುಲಭವಾದ್ದರಿಂದ ಬಹುಬೇಗ ಹರಡಿತು. ಹೊರೆಯಿಲ್ಲದ ಕೋಶ ಎಷ್ಟು ಕುಗ್ಗಿತೆಂಬುದರಿಂದ ಅದರ ಬಲವನ್ನು ಊಹಿಸುವ ರೂಢಿಯೂ ಜೊತೆಗೇ ಹರಡಿದ್ದು ದುರದೃಷ್ಟಕರ.

ಜೀವಂತ ಕೋಶವನ್ನು ಘಾಸಿಯಿಲ್ಲದೆ ಹಿಡಿಯುವ ದಾರಿ ತೋರಿದವರು ಫ್ರಾನ್ಸಿನ ಲೆ ಗೆನೆಕ್ ಮತ್ತು ಸಂಗಡಿಗರು. 1990ರಲ್ಲಿ ಅವರು ಬಳಸಿದ ಇಂಗಾಲದ ತಂತುಗಳು ಅಂಟಿಲ್ಲದೆಯೇ ಕೋಶದ ಮೇಲ್ಮೈಗೆ ಕಚ್ಚಿಕೊಳ್ಳುತ್ತಿದ್ದುವು. ತಂತು ಬಾಗಿದ ಪ್ರಮಾಣವೇ ಬಲದ ಅಳತೆ. ಅಳೆಯಬೇಕಾದ ಬಲ ಮೈಕ್ರೋನ್ಯೂಟನ್‌ಗಳದು; ಒಂದು ಮೈಕ್ರೋನ್ಯೂಟನ್ ಎಂದರೆ ಮಿಲಿಗ್ರಾಮಿನ ಹತ್ತನೆಯ ಒಂದು ಪಾಲಿನ ತೂಕ. ಹಿಗ್ಗಿಸಿದರೆ ಬಲ ಹೆಚ್ಚುವ ಗುಣ ಒಂಟಿ ಕೋಶದಲ್ಲಿಯೇ ಕಂಡಿತು.

ಈ ಮಾಪನ ನಮ್ಮ ಜನರಿಗೂ ಸಂಬಂಧಿಸಿದುದು. ಹೃದಯಸ್ನಾಯುವಿನ ಒಂದು ಪ್ರೋಟೀನಿನ ಜೀನಿನಲ್ಲಿ 25 ಅಕ್ಷರಗಳ ಲೋಪವು ದಕ್ಷಿಣ ಏಷ್ಯಾದ ನೂರರಲ್ಲಿ ಸುಮಾರು ನಾಲ್ವರಲ್ಲಿದೆಯೆಂದು 2009ರಲ್ಲಿ ಧಂಡಪಾಣಿ ಮತ್ತು ಸಂಗಡಿಗರು ವರದಿ ಮಾಡಿದರು. ಧಂಡಪಾಣಿಯವರು ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಈ ಬಗೆಯ ಹೃದ್ರೋಗಗಳ ಅಧ್ಯಯನ ಕೈಗೊಂಡರು. ಲೋಪ ಹೊತ್ತವರೆಲ್ಲರೂ ರೋಗಿಗಳಾಗುವುದಿಲ್ಲ. ಜೀನನ್ನು ಓದಿ ಲೋಪವನ್ನು ಕಾಣಬಹುದು; ಎಳೆತ ಕುಂದಿದೆಯೇ ಎಂಬುದನ್ನು ಕೋಶವನ್ನೇ ಕೇಳಬೇಕು. ರೋಗಿಯ ಹೃದಯದಿಂದ ಕೋಶ ಪಡೆಯುವುದು ಸುಲಭವಲ್ಲವಾದ್ದರಿಂದ ಚರ್ಮ ಅಥವಾ ರಕ್ತದ ಕೋಶಗಳನ್ನು ಕಾಂಡಕೋಶಗಳಾಗಿಸಿ ಅವುಗಳಿಂದ ಹೃದಯಕೋಶಗಳನ್ನು ಬೆಳೆಸಲಾಗುತ್ತದೆ. ಇವು ಎಳೆಯವು, ಆಕಾರಗೆಟ್ಟವು. ಹಿಡಿಯಲು ತುದಿಗಳೇ ಇಲ್ಲ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ರಿಬೇರೊ ಮತ್ತು ಸಂಗಡಿಗರು ಮೆದು ಜೆಲ್ಲಿನ ಮೇಲೆ ಅಗಲದ ಏಳರಷ್ಟು ಉದ್ದದ ಅಚ್ಚುಗಳನ್ನು ಮೂಡಿಸಿ, ಕೋಶವು ಆ ಆಕಾರದಲ್ಲೇ ಬೆಳೆಯುವಂತೆ ಮಾಡಿ, ಜೆಲ್ಲಿನೊಳಗಿನ ಸೂಕ್ಷ್ಮ ಮಣಿಗಳ ಸರಿದಾಟದಿಂದ ಬಲವನ್ನು ಲೆಕ್ಕಹಾಕಿದರು.