ಮೀನಖಂಡದ ನೋವು ಮತ್ತು ಸೆಳೆತ

ಮಂಡಿಯ ಹಿಂಬದಿಯಿಂದ ಹಿಮ್ಮಡಿಯ ಕಡೆಗೆ ಇಳಿಯುವ, ಹೊಟ್ಟೆಯುಬ್ಬಿದ ಮೀನಿನಂತೆ ಕಾಣುವ ಸ್ನಾಯುಗಳ ಗುಂಪಿಗೆ ಕನ್ನಡದಲ್ಲಿ ಮೀನಖಂಡ ಎಂದು ಹೆಸರು. ಇದರಲ್ಲಿ ಮುಖ್ಯವಾದ ಸ್ನಾಯುಗಳು ಎರಡು. ಚರ್ಮದ ಕೆಳಗೇ ಇರುವ ಗ್ಯಾಸ್ಟ್ರಾಕ್ನೀಮಿಯಸ್ ತೊಡೆಯೆಲುಬಿನ ಕೆಳತುದಿಯಿಂದ ಎರಡು ಕವಲಾಗಿ ಹೊರಟು ಮಂಡಿಯನ್ನೂ ಪಾದದ ಕೀಲನ್ನೂ ದಾಟುತ್ತದೆ. ಅದರಡಿ ಚಪ್ಪಟೆಯಾಗಿ ಹಾಸಿಕೊಂಡಿರುವ ಸೋಲಿಯಸ್ ಕಣಕಾಲಿನ ಎಲುಬುಗಳಿಂದಲೇ ಹುಟ್ಟುತ್ತದೆ. ಎರಡೂ ಕೂಡಿ ಅಕಿಲಿಸ್ ಸ್ನಾಯುರಜ್ಜುವಾಗಿ ಹಿಮ್ಮಡಿಯ ಎಲುಬಿಗೆ ಸೇರುತ್ತವೆ. ಓಟಗಾರ ನೆಲ ಒದ್ದು ಮುನ್ನುಗ್ಗುವಾಗ, ಕಬಡ್ಡಿಯ ರೈಡರ್ ತುದಿಗಾಲಲ್ಲಿ ಹಿಂದೆ ಮುಂದೆ ಚಿಮ್ಮುವಾಗ ದುಡಿಯುವುದು ಇವೇ. ತರಬೇತಿಯ ಬಳಿಕ ಇಲ್ಲಿ ಕಾಣಿಸಿಕೊಳ್ಳುವ ಎರಡು ತೊಂದರೆಗಳನ್ನು ‘ಕಾಲು ಹಿಡಿದುಕೊಂಡಿದೆ’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ರೂಢಿ. ಆದರೆ ಮರುದಿನದ ನೋವು ಬೇರೆ, ಆ ಗಳಿಗೆಯ ಸೆಳೆತ ಬೇರೆ. ಮೊದಲನೆಯದು ಸ್ನಾಯುವಿನ ಎಳೆಗಳಿಗೆ ಬಿದ್ದ ಪೆಟ್ಟು, ಎರಡನೆಯದು ಸ್ನಾಯುವಿಗೆ ನರ ಕೊಡುವ ಅಪ್ಪಣೆಯಲ್ಲಿ ಆದ ಎಡವಟ್ಟು. ಒಂದರ ಮದ್ದನ್ನು ಇನ್ನೊಂದಕ್ಕೆ ಮಾಡುವುದರಿಂದ ಎಷ್ಟೋ ಉಪಚಾರಗಳು ಫಲ ಕೊಡದೆ ಹೋಗುತ್ತವೆ.

ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿಯುವವರಿಗೆ ಏದುಸಿರು ಬರುವುದು ಹತ್ತುವಾಗ. ಕಾಲು ನೋಯುವುದು ಹೆಚ್ಚಾಗಿ ಇಳಿದದ್ದಕ್ಕೆ, ಅದೂ ಮರುದಿನ. ಈ ವ್ಯತ್ಯಾಸದಲ್ಲೇ ನೋವಿನ ಗುಟ್ಟಿದೆ. ಕೆಳಗಿನ ಮೆಟ್ಟಿಲಿಗೆ ಮೊದಲು ಪಾದದ ಮುಂಭಾಗ ತಾಗುತ್ತದೆ, ಆಮೇಲೆ ಹಿಮ್ಮಡಿ ನಿಧಾನವಾಗಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಮೀನಖಂಡ ಮೈಭಾರವನ್ನು ತಡೆಯುತ್ತಲೇ ಉದ್ದವಾಗುತ್ತಿರುತ್ತದೆ. ಹೀಗೆ ಬಿಗಿದಿರುವಾಗಲೇ ಹಿಗ್ಗುವ ಕೆಲಸ, ಅದರಲ್ಲೂ ರೂಢಿಯಿಲ್ಲದ್ದು, ಸ್ನಾಯುವಿನ ಅತಿಸೂಕ್ಷ್ಮ ಎಳೆಗಳ ಜೋಡಣೆಯನ್ನು ಕೆಡಿಸುತ್ತದೆ. ಇಂಥ ನೋವಿಗೆ ಸ್ನಾಯುವಿನೊಳಗೆ ಎಳೆಗಳು ಹರಿಯುವುದೇ ಕಾರಣವಿರಬೇಕೆಂದು ಶರೀರಶಾಸ್ತ್ರಜ್ಞ ಥಿಯೊಡೋರ್ ಹಫ್ 1902ರಲ್ಲೇ ಬರೆದಿದ್ದರು. 1981ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಮತ್ತೆ ಮೆಟ್ಟಿಲಿಳಿದು ಕಾಲು ನೋಯಿಸಿಕೊಂಡವರ ಸೋಲಿಯಸ್‌ನಿಂದ ಚಿಕ್ಕ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಎಳೆಗಳ ನಡುವಿನ ಗೆರೆಗಳು ಅಲ್ಲಲ್ಲಿ ಕದಡಿಹೋಗಿದ್ದವು. ಪೆಟ್ಟಾದ ಜಾಗದಲ್ಲಿ ಉರಿಯೂತ ಶುರುವಾಗಿ ನೋವಿನ ನರತುದಿಗಳು ಸೂಕ್ಷ್ಮಗೊಳ್ಳಲು ಹೊತ್ತು ಬೇಕು. ಆದ್ದರಿಂದಲೇ ನೋವು 24ರಿಂದ 72 ಗಂಟೆಗಳ ನಡುವೆ ಏರಿ, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ.

‘ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ, ತಿಕ್ಕಿ ಹೊರಹಾಕಬೇಕು’ ಎಂಬ ಮಾತು ಮೈದಾನಗಳಲ್ಲಿ ಇನ್ನೂ ಕೇಳಿಬರುತ್ತದೆ. ಇದು ನಿಲ್ಲದ ವಾದ. ಜೋರಾಗಿ ಓಡಿದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯೊಳಗೆ ಮಾಮೂಲಿ ಮಟ್ಟಕ್ಕೆ ಬರುತ್ತದೆ; ನೋವು ಶುರುವಾಗುವುದೇ ಅದಾದ ಎಷ್ಟೋ ಹೊತ್ತಿಗೆ. 1983ರ ಒಂದು ಪ್ರಯೋಗ ಇದನ್ನು ನೇರವಾಗಿ ಪರೀಕ್ಷಿಸಿತು. ಸಮತಟ್ಟಿನ ಟ್ರೆಡ್‌ಮಿಲ್ ಮೇಲೆ ಓಡಿದವರಲ್ಲಿ ಲ್ಯಾಕ್ಟೇಟ್ ಏರಿತು, ಕಾಲು ನೋಯಲಿಲ್ಲ. ಇಳಿಜಾರಿನಲ್ಲಿ ಓಡಿದವರಲ್ಲಿ ಲ್ಯಾಕ್ಟೇಟ್ ಏರಲಿಲ್ಲ, ಮುಂದಿನ ದಿನಗಳಲ್ಲಿ ಕಾಲು ಚೆನ್ನಾಗಿಯೇ ನೋಯಿತು.

ಹಾಗಾದರೆ ಕೊಬ್ಬರಿ ಎಣ್ಣೆ ಹಚ್ಚಿ ನೀವಿಸಿಕೊಂಡಾಗ, ಬಿಸಿನೀರಿನ ಶಾಖ ಕೊಟ್ಟಾಗ ಹಾಯೆನಿಸುವುದು ಸುಳ್ಳೇ? ಸುಳ್ಳಲ್ಲ. ನೀವುವುದರಿಂದ ನೋವಿನ ಅನುಭವ ತಗ್ಗುತ್ತದೆಂಬುದಕ್ಕೆ ಆಧಾರವಿದೆ. ಅದು ತಗ್ಗುವುದು ಕೊಳೆ ಹೊರಹೋದದ್ದರಿಂದಲ್ಲ ಎಂಬುದಷ್ಟೇ ತಿದ್ದುಪಡಿ. ಇದು ಬರಿಯ ಪಂಡಿತರ ತಕರಾರಲ್ಲ: ಆಮ್ಲ ಹಿಂಡುತ್ತೇವೆಂದುಕೊಂಡವರು ಮೊಣಕೈ ಊರಿ ಒತ್ತುತ್ತಾರೆ, ಪೆಟ್ಟಾದ ಎಳೆಗಳಿಗೆ ಬೇಕಾದದ್ದು ಹಗುರವಾದ ಕೈ. ನಿಧಾನವಾದ ನಡಿಗೆ, ಸೈಕಲ್ ತುಳಿತ, ಚೆನ್ನಾದ ನಿದ್ದೆ, ಹೊಟ್ಟೆ ತುಂಬ ಊಟ ಇವೂ ನೆರವಾಗುತ್ತವೆ. ತಣ್ಣೀರಿನಲ್ಲಿ ಕಾಲಿಟ್ಟು ಕೂರುವುದು ನೋವನ್ನು ಸ್ವಲ್ಪ ಇಳಿಸುತ್ತದೆ. ಆದರೆ ಬಲ ಹೆಚ್ಚಿಸುವ ತರಬೇತಿಯ ಬೆನ್ನಿಗೇ ದಿನವೂ ಹಾಗೆ ಮಾಡಿದರೆ ಸ್ನಾಯು ಬೆಳೆಯುವುದಕ್ಕೆ ಅಡ್ಡಿಯಾಗಬಹುದು. ಸ್ನಾಯು ಎಳೆಯುವ ವ್ಯಾಯಾಮದ ಮೇಲೆ ಇರುವ ನಂಬಿಕೆಯಂತೂ ಅದರ ಫಲಕ್ಕಿಂತ ಬಹಳ ದೊಡ್ಡದು. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2011ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ ವ್ಯಾಯಾಮದ ಮೊದಲೋ ಆಮೇಲೋ ಸ್ನಾಯು ಎಳೆದುಕೊಂಡವರಿಗೆ ಮರುದಿನದ ನೋವಿನಲ್ಲಿ ಸಿಕ್ಕ ಉಳಿತಾಯ, 100 ಅಂಕದ ಅಳತೆಯಲ್ಲಿ, ಸರಾಸರಿ ಹೆಚ್ಚೆಂದರೆ ಒಂದು ಅಂಕದಷ್ಟು.

ಸೆಳೆತಕ್ಕೆ ಬಂದರೆ ಇದೇ ಎಳೆತ ತಕ್ಷಣದ ಮದ್ದು. ಸೆಳೆತ ಬಂದ ಮೀನಖಂಡವನ್ನು ಮುಟ್ಟಿದರೆ ಕಲ್ಲಿನಂಥ ಗಂಟು ಕೈಗೆ ಸಿಗುತ್ತದೆ. ಕೆಲವೊಮ್ಮೆ ಚರ್ಮದಡಿ ಎಳೆಗಳು ಅದುರುವುದು ಕಣ್ಣಿಗೇ ಕಾಣುತ್ತದೆ. ಸ್ನಾಯುವಿನೊಳಗಿನ ಕದಿರಿನಾಕಾರದ ಗ್ರಾಹಕಗಳು ‘ಬಿಗಿ’ ಎಂಬ ಸಂದೇಶವನ್ನು ಬೆನ್ನುಹುರಿಗೆ ಕಳಿಸುತ್ತವೆ, ಸ್ನಾಯುರಜ್ಜುವಿನಲ್ಲಿರುವ ಗಾಲ್ಗಿ ಅಂಗಗಳು ‘ಸಡಿಲಿಸು’ ಎನ್ನುತ್ತವೆ. ದಣಿದ ಸ್ನಾಯುವಿನಲ್ಲಿ ಈ ಎರಡರ ಸಮತೂಕ ತಪ್ಪಿ ಬಿಗಿಸುವ ಸಂದೇಶ ಮೇಲುಗೈ ಪಡೆಯುವುದೇ ಸೆಳೆತಕ್ಕೆ ಕಾರಣ ಎಂದು ದಕ್ಷಿಣ ಆಫ್ರಿಕಾದ ಮಾರ್ಟಿನ್ ಶ್ವೆಲ್ನಸ್ ಮತ್ತು ಸಂಗಡಿಗರು 1997ರಲ್ಲಿ ವಾದಿಸಿದರು. ಸೆಳೆತ ದಣಿದ ಸ್ನಾಯುವಿಗೇ, ಅದೂ ಕುಗ್ಗಿದ ಸ್ಥಿತಿಯಲ್ಲಿರುವಾಗಲೇ ಬರುವುದು ಇದಕ್ಕೆ ಹೊಂದುತ್ತದೆ. ಓಟ ಮುಗಿಸಿ ಮಲಗಿದವನ ಪಾದ ಹೊದಿಕೆಯ ಭಾರಕ್ಕೆ ಕೆಳಮುಖವಾಗಿ ಚಾಚಿದಾಗ ಮೀನಖಂಡ ಗಂಟುಕಟ್ಟುವುದೂ ಹೀಗೆಯೇ.

ಈ ವಾದಕ್ಕೆ ದೊಡ್ಡ ಆಕ್ಷೇಪ, ಸೆಳೆತಕ್ಕೆ ಉಪ್ಪಿನ ಕೊರತೆಯೇ ಕಾರಣ ಎಂಬುದು; ಅದಕ್ಕೆ ಹಳೆಯ ಆಧಾರವೂ ಉಂಟು. 1920ರ ದಶಕದಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ, 1930ರ ದಶಕದಲ್ಲಿ ಅಮೆರಿಕದ ಹೂವರ್ ಅಣೆಕಟ್ಟಿನ ಕೆಲಸದಲ್ಲಿ ಬೆವರು ಸುರಿಸಿದ ಕಾರ್ಮಿಕರ ಸೆಳೆತಕ್ಕೆ ಉಪ್ಪು ಪರಿಹಾರವಾಯಿತು. ಆದರೆ ರಕ್ತದ ಉಪ್ಪು ಇಳಿದರೆ ಅದು ಇಡೀ ಮೈಗೆ ಸಂಬಂಧಿಸಿದ್ದು. ಒಂದೇ ಕಾಲಿನ ಮೀನಖಂಡ ಮಾತ್ರ ಏಕೆ ಹಿಡಿಯಬೇಕು? ಒಂದು ಹನಿ ಉಪ್ಪುನೀರಿಲ್ಲದೆ ಬರಿಯ ಎಳೆತಕ್ಕೆ ಏಕೆ ಬಿಡಬೇಕು? ದಕ್ಷಿಣ ಆಫ್ರಿಕಾದ 56 ಕಿಲೋಮೀಟರ್ ಓಟವೊಂದರಲ್ಲಿ ಸೆಳೆತ ಬಂದವರಿಗೂ ಬಾರದವರಿಗೂ ನೀರಿನ ಕೊರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಾಗೆಂದು ಉಪ್ಪನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಬಿಸಿಯಾದ ವಾತಾವರಣದಲ್ಲಿ ಓಡಿಸಿ ನಡೆಸಿದ 2019ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ಬರೀ ನೀರು ಕುಡಿದವರ ಮೀನಖಂಡ ವಿದ್ಯುತ್ ಪ್ರಚೋದನೆಗೆ ಬೇಗ ಸೆಳೆಯಿತು, ಲವಣದ್ರಾವಣ ಕುಡಿದಾಗ ಹಾಗಾಗಲಿಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಗಂಟೆಗಟ್ಟಲೆ ಅಭ್ಯಾಸ ಮಾಡುವವರು ಉಪ್ಪು ಬೆರೆಸಿದ ನಿಂಬೆ ಶರಬತ್ತನ್ನೋ ಮಜ್ಜಿಗೆಯನ್ನೋ ಕುಡಿಯುವುದು ಸರಿಯಾದ ಕ್ರಮವೇ. ಬಂದ ಸೆಳೆತವನ್ನು ಅದು ಆ ಗಳಿಗೆಯಲ್ಲಿ ಬಿಡಿಸಲಾರದು, ಅಷ್ಟೆ.

ಬಿಡಿಸುವ ಕ್ರಮ ಸರಳ. ನೆಲದ ಮೇಲೆ ಕೂತು ಮಂಡಿಯನ್ನು ನೆಟ್ಟಗೆ ಚಾಚಬೇಕು, ಏಕೆಂದರೆ ಮಂಡಿ ಮಡಿಸಿದರೆ ಗ್ಯಾಸ್ಟ್ರಾಕ್ನೀಮಿಯಸ್ ಸಡಿಲವಾಗಿಯೇ ಉಳಿಯುತ್ತದೆ. ಪಾದದ ಮುಂಭಾಗವನ್ನು ಕೈಯಿಂದಲೋ ಟವೆಲ್ಲಿನಿಂದಲೋ ಹಿಡಿದು ಮೊಣಕಾಲಿನ ಕಡೆಗೆ ನಿಧಾನವಾಗಿ ಎಳೆದು, ಗಂಟು ಸಡಿಲುವವರೆಗೆ ಹಾಗೇ ಹಿಡಿದಿರಬೇಕು. ಜಗ್ಗಬಾರದು. ಬಾಳೆಹಣ್ಣು ಈ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ. ಅದರ ಪೊಟ್ಯಾಸಿಯಂ ತಿಂದ ಎಷ್ಟೋ ಹೊತ್ತಿನ ಮೇಲೂ ರಕ್ತದಲ್ಲಿ ಅಲ್ಪವಾಗಿಯಷ್ಟೇ ಏರುತ್ತದೆ. ಸೆಳೆತಕ್ಕೆಂದು ಕೆಲವರು ನುಂಗುವ ಕ್ವಿನೈನ್ ಮಾತ್ರೆಯಿಂದ ರಕ್ತದ ಪ್ಲೇಟ್‌ಲೆಟ್ ಕುಸಿದು ಪ್ರಾಣಾಪಾಯವಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ.

ಈ ಎರಡೂ ಅಲ್ಲದ ನೋವನ್ನು ಗುರುತಿಸುವುದು ಇನ್ನೂ ಮುಖ್ಯ. ಹಿಂದಿನಿಂದ ಯಾರೋ ಹೊಡೆದಂತಾಗಿ ಹೆಜ್ಜೆ ಊರಲಾಗದಿದ್ದರೆ ಸ್ನಾಯುವೋ ಸ್ನಾಯುರಜ್ಜುವೋ ಹರಿದಿರಬಹುದು. ಒಂದೇ ಕಾಲು ಊದಿ, ಬೆಚ್ಚಗಾಗಿ, ವಿಶ್ರಾಂತಿಯಲ್ಲೂ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಸಂಭವವಿದೆ. ಅಂಥ ಕಾಲನ್ನು ತಿಕ್ಕಕೂಡದು. ವಿಪರೀತ ನೋವಿನ ಜೊತೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಕುತ್ತು ಬಂದಿರಬಹುದು. ಮೂರರಲ್ಲೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಮರುದಿನದ ನೋವಿಗೆ ಗಟ್ಟಿಯಾದ ತಡೆ, ಅದನ್ನು ತಂದ ಕೆಲಸವೇ. ಒಮ್ಮೆ ನೋಯಿಸಿದ ಕೆಲಸವನ್ನೇ ಕೆಲವು ದಿನ ಬಿಟ್ಟು ಮತ್ತೆ ಮಾಡಿದರೆ ಸ್ನಾಯು ಮೊದಲಿನಷ್ಟು ನೋಯುವುದಿಲ್ಲ, ಈ ರಕ್ಷಣೆ ವಾರಗಟ್ಟಲೆ ಉಳಿಯುತ್ತದೆ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗವನ್ನಷ್ಟೇ ಊರಿ, ಗೋಡೆ ಹಿಡಿದು, ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸಿ ಮೇಲೆತ್ತುವ ವ್ಯಾಯಾಮವನ್ನು ಮೊದಲ ವಾರ ಎರಡೂ ಕಾಲಲ್ಲಿ ಹತ್ತು ಹನ್ನೆರಡು ಸಲ ಮಾಡಿ, ಬರಬರುತ್ತ ಒಂಟಿಕಾಲಿಗೆ ತರಬಹುದು. ಮಂಡಿ ನೆಟ್ಟಗಿಟ್ಟು ಮಾಡಿದರೆ ಗ್ಯಾಸ್ಟ್ರಾಕ್ನೀಮಿಯಸ್‌ಗೆ ಹೆಚ್ಚು ಕೆಲಸ, ಸ್ವಲ್ಪ ಮಡಿಸಿ ಮಾಡಿದರೆ ಸೋಲಿಯಸ್‌ಗೆ.