ಮಾಳಿಗೆಯ ತಂಪಿನ ಲೆಕ್ಕ: ಹೊಸಪೇಟೆ–ಕಂಪ್ಲಿ ಸೀಮೆಯ ಹಳ್ಳಿಮನೆಗಳಲ್ಲಿ ತಂಪಿಗೆ ತಗಲುವ ವೆಚ್ಚ

ಮಣ್ಣಿನ ಮಾಳಿಗೆ ತಂಪು, ಆರ್‌ಸಿಸಿ ಬಿಸಿ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಅಸ್ತ್ರ ಕೇಂದ್ರ ಮಣ್ಣಿನ ಕಟ್ಟಡಕ್ಕೆ ಎಂಜಿನಿಯರಿಂಗಿನ ಬಲ ಕೊಟ್ಟಿತು. ಅದೇ ಸಂಸ್ಥೆಯ ಮಾಂಟೋ ಮಣಿ ಮತ್ತು ಸಂಗಡಿಗರು ಸುಗ್ಗನಹಳ್ಳಿಯಲ್ಲಿ ನಡೆಸಿದ ಅಧ್ಯಯನ, ಹಳೆಯ ಮನೆಗೆ ಹೊಸ ಸಾಮಗ್ರಿ ಬಂದಾಗ ಒಳಗಿನ ಹಿತ ಕೆಡುವುದನ್ನು ತೋರಿಸಿತು. ಇದನ್ನು ಮತ್ತೆ ಸಾಧಿಸಿ ತೋರಿಸಬೇಕಿಲ್ಲ. ನನ್ನ ತಕರಾರು ಈ ಬಗೆಯ ಬರಹಗಳ ಬೆನ್ನಿಗೇ ಬರುವ ಇನ್ನೊಂದು ಮಾತಿನ ಮೇಲೆ: ಮಾಳಿಗೆಯ ತಂಪು ಪುಕ್ಕಟೆಯದು, ಅದನ್ನು ಬಿಟ್ಟವರು ಪಟ್ಟಣದವರನ್ನು ಅನುಕರಿಸಿ ಕೆಟ್ಟರು ಎಂಬ ಮಾತು.

ಎರಡು ವಿಷಯಗಳನ್ನು ಮೊದಲೇ ಬದಿಗಿಡುತ್ತೇನೆ. ಮನೆ ಬೆಚ್ಚಗಿಡುವ ಖರ್ಚು ಈ ಸೀಮೆಯಲ್ಲಿ ಬಚ್ಚಲ ಹಂಡೆಯ ಒಲೆಯನ್ನು ದಾಟುವುದಿಲ್ಲ. ಹಂಪಿಯ ಕಮಲ ಮಹಲಿಗೆ ಕೊಳವೆಗಳಲ್ಲಿ ನೀರು ಹರಿಸಿ ತಂಪು ಮಾಡುತ್ತಿದ್ದರೆಂದು ಅಲ್ಲಿನ ಗೈಡುಗಳು ಹೇಳುತ್ತಾರೆ. ನಿಜವಿದ್ದರೂ ಅದು ಅರಮನೆಯ ಸಂಗತಿ.

ಈಗ ಲೆಕ್ಕ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ನಿಗದಿಪಡಿಸಿರುವ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಅಷ್ಟೇ ಅಳತೆಯ ಎರಡು ಚಾವಣಿಗಳನ್ನು ಇಟ್ಟುಕೊಳ್ಳೋಣ: ಒಂದು 10 ಸೆಂಟಿಮೀಟರಿನ ಆರ್‌ಸಿಸಿ, ಇನ್ನೊಂದು ತೊಲೆ, ಜಂತೆಗಳ ಮೇಲೆ 30 ಸೆಂಟಿಮೀಟರ್ ಮಣ್ಣು ಬಡಿದ ಮಾಳಿಗೆ. ಭಾರತೀಯ ಮಾನಕ ಬ್ಯೂರೋದ 1987ರ ಕೈಪಿಡಿಯಲ್ಲಿರುವ ಉಷ್ಣವಾಹಕತೆಯ ಅಂಕಿಗಳನ್ನು ಹಿಡಿದರೆ, ಒಳಹೊರಗಿನ ಒಂದು ಡಿಗ್ರಿ ಅಂತರಕ್ಕೆ ಚದರ ಮೀಟರಿಗೆ ಆರ್‌ಸಿಸಿಯಿಂದ ಸುಮಾರು 4.5 ವ್ಯಾಟ್, ಮಣ್ಣಿನಿಂದ ಸುಮಾರು 1.4 ವ್ಯಾಟ್ ಶಾಖ ಇಳಿಯುತ್ತದೆ. ಬಿಸಿಲಿಗೆ ಕಾದ ಚಾವಣಿಗೂ ಕೋಣೆಗೂ 30 ಡಿಗ್ರಿ ಅಂತರವಿದ್ದರೆ ಆರ್‌ಸಿಸಿಯೊಂದರಿಂದಲೇ ಮೂರು ಸಾವಿರ ವ್ಯಾಟಿಗೂ ಮಿಗಿಲು. ಒಂದು ಟನ್ ಏಸಿಯ ಸಾಮರ್ಥ್ಯ 3,500 ವ್ಯಾಟ್. ಅಂದರೆ ನಡುಹಗಲಲ್ಲಿ ಅದರ ದುಡಿಮೆಯ ಬಹುಪಾಲು ಚಾವಣಿಗೇ ಸಲ್ಲುತ್ತದೆ. ಚಾವಣಿಯ ಶಾಖಧಾರಣೆಯನ್ನು ಇಲ್ಲಿ ಹಿಡಿದಿಲ್ಲವಾದ್ದರಿಂದ ಇದನ್ನು ಮೇಲ್ಮಿತಿಯೆಂದೇ ಓದಬೇಕು.

ಇಲ್ಲಿಯವರೆಗೆ ಮಾಳಿಗೆಯ ಪಕ್ಷದವರದೇ ಮೇಲುಗೈ. ಆದರೆ ಅದೇ ಮಣ್ಣಿನ ತೂಕ ಸುಮಾರು 12 ಟನ್. ಅಷ್ಟನ್ನು ಹೊರುವ ಬೇವಿನ ತೊಲೆ ಹಿಂದೆ ಹೊಲದ ಬದುವಿನಲ್ಲೇ ಸಿಗುತ್ತಿತ್ತು. ಈಗ ರೊಕ್ಕ ಕೊಟ್ಟು ತರಬೇಕು. ಮಳೆಗಾಲದ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕಿ ಬಡಿಯುವ ಕೆಲಸ ಮನೆಮಂದಿಯದಾಗಿದ್ದಾಗ ಯಾವ ಲೆಕ್ಕದ ಪುಸ್ತಕಕ್ಕೂ ಏರಲಿಲ್ಲ. ಅದೇ ಕೆಲಸಕ್ಕೆ ಕೂಲಿ ಕೊಡಬೇಕಾಗಿ ಬಂದ ವರ್ಷವೇ ‘ಪುಕ್ಕಟೆ’ ಎಂಬ ಮಾತು ಬಿದ್ದುಹೋಯಿತು.

ಮೂರನೆಯ ಬಾಬ್ತು ಇನ್ನೂ ಸೂಕ್ಷ್ಮ. ಇದನ್ನು ಯಾರೂ ಹಣದಲ್ಲಿ ಎಣಿಸುವುದಿಲ್ಲ. ದಿನದ ಶಾಖದ ಅಲೆ ಆರ್‌ಸಿಸಿಯನ್ನು ದಾಟಲು ಎರಡೂವರೆ ತಾಸು ಹಿಡಿದರೆ, 30 ಸೆಂಟಿಮೀಟರ್ ಮಣ್ಣನ್ನು ದಾಟಲು ಹನ್ನೊಂದು ತಾಸಿಗೂ ಹೆಚ್ಚು ಬೇಕು. ದಾಟುವಷ್ಟರಲ್ಲಿ ಅದು ಬಹುತೇಕ ಅಡಗಿಯೂ ಹೋಗಿರುತ್ತದೆ. ಹಾಗಾಗಿ ಮಾಳಿಗೆಮನೆಯ ಒಳಗು ಹಗಲಿನ ತುದಿಗೂ ಏರುವುದಿಲ್ಲ, ರಾತ್ರಿಯ ತಳಕ್ಕೂ ಇಳಿಯುವುದಿಲ್ಲ. ದಿನದ ಸರಾಸರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಅದು ನೆಮ್ಮದಿ, ಆದರೆ ನಡುರಾತ್ರಿ ಒಳಗಿಗಿಂತ ಹೊರಗೇ ತಂಪು. ಹಳಬರು ಅಂಗಳದಲ್ಲಿ, ಕಟ್ಟೆಯ ಮೇಲೆ, ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಿದ್ದು ಬರೀ ರೂಢಿಯಿಂದಲ್ಲ. ಆ ಬಯಲು ಜಾಗ ಮನೆಯ ತಂಪಿನ ವ್ಯವಸ್ಥೆಯ ಅರ್ಧಭಾಗ. ಗೋಡೆಗೆ ಗೋಡೆ ತಾಗಿದ ಆಶ್ರಯ ನಿವೇಶನದಲ್ಲಿ ಆ ಅರ್ಧ ಎಲ್ಲಿಂದ ಬರಬೇಕು? ಕಂಪ್ಲಿಯ ಭತ್ತದ ಗದ್ದೆಗಳ ನಡುವೆ ಸೊಳ್ಳೆ, ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿ ಕೆಂಪು ಧೂಳು. ಹೊರಗೆ ಮಲಗುವುದಿರಲಿ, ಕಿಟಕಿ ತೆಗೆಯುವುದೂ ಕಷ್ಟ.

ಆದ್ದರಿಂದ ನನ್ನ ವಾದ ಇದು: ಆರ್‌ಸಿಸಿಗೆ ಹೋದವರು ತಂಪಿನ ವೆಚ್ಚವನ್ನು ಹೊಸದಾಗಿ ಹುಟ್ಟಿಸಿಕೊಳ್ಳಲಿಲ್ಲ, ವರ್ಷವರ್ಷದ ದುಡಿಮೆಯಲ್ಲಿದ್ದ ವೆಚ್ಚವನ್ನು ಕರೆಂಟಿಗೆ ವರ್ಗಾಯಿಸಿದರು. ಈ ಮಾತಿಗೆ ಮಿತಿಗಳುಂಟು. ಲೆಕ್ಕ ಚಾವಣಿಯದು ಮಾತ್ರ. ಗೋಡೆ, ಬೆಳಕಿಂಡಿ, ಗಾಳಿ ಸೇರಿಲ್ಲ. ಮಣ್ಣಿನ ದಪ್ಪ ಮನೆಯಿಂದ ಮನೆಗೆ ಬೇರೆ. ಸರ್ಕಾರದ ಒತ್ತಾಸೆಯನ್ನೂ ಮರೆಯಲಾಗದು: ಆವಾಸ್ ಯೋಜನೆ ಬಯಲುಸೀಮೆಗೆ ಕೊಡುವ 1,20,000 ರೂಪಾಯಿ ಪಕ್ಕಾ ಮನೆಗೆ, ಮಣ್ಣಿನ ಮಾಳಿಗೆ ಅದರ ಕಣ್ಣಿಗೆ ಕಚ್ಚಾ. ಅನುಕರಣೆ ಎಂದು ದೂರುವವರು ಈ ಷರತ್ತನ್ನು ಓದುವುದು ಒಳ್ಳೆಯದು.

ಕರೆಂಟಿಗೆ ವರ್ಗಾಯಿಸಿದ ಮೇಲೂ ಲೆಕ್ಕ ಸರಳವಲ್ಲ. ಏಸಿಯ ಬೆಲೆಯ ಜೊತೆಗೆ ದಪ್ಪ ವೈರು, ಅರ್ಥಿಂಗು, ವೋಲ್ಟೇಜು ಜಾರುವ ಹಳ್ಳಿಗಳಲ್ಲಿ ಸ್ಟೆಬಿಲೈಜರು ಬೇಕು. ತಾಸಿಗೆ ಒಂದು ಯೂನಿಟ್ ಎಂದು ಹಿಡಿದರೂ ರಾತ್ರಿ ಎಂಟು ತಾಸಿನಂತೆ ತಿಂಗಳಿಗೆ 240 ಯೂನಿಟ್. 2023ರ ಗೃಹಜ್ಯೋತಿ ಯೋಜನೆಯ ಮಿತಿ 200. ಅದನ್ನು ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಸೊನ್ನೆ ಬಿಲ್ಲಿನ ಮನೆಗೆ ಏಸಿಗಿಂತ ಈ ಹೊಸ್ತಿಲೇ ದುಬಾರಿ. 200 ವ್ಯಾಟಿನ ಕೂಲರಿಗಾದರೆ ಅಷ್ಟೇ ಹೊತ್ತಿಗೆ 48 ಯೂನಿಟ್ ಸಾಕು, ಆದರೆ ಅದು ಒಣಗಾಳಿಯ ಯಂತ್ರ.

ಗದ್ದೆಗಳಿಗೆ ನೀರು ಬಿಟ್ಟಾಗ ಕಂಪ್ಲಿಯಲ್ಲಿ ಕೂಲರ್ ಎಷ್ಟು ಕೆಲಸ ಮಾಡೀತು, ಸಂಡೂರಿನ ಕಣಿವೆಯಲ್ಲಿ ಎಷ್ಟು ಎಂಬುದನ್ನು ಒಂದು ಪೂರ್ತಿ ಬೇಸಿಗೆ ಎರಡೂ ಕಡೆ ಅಳೆದೇ ಹೇಳಬೇಕು. ಚಾವಣಿಯ ವಿಷಯಕ್ಕೆ ಅಷ್ಟು ಕಾಯಬೇಕಿಲ್ಲ. ನೆರೆಯ ತೆಲಂಗಾಣ 2023ರಲ್ಲೇ ತಂಪು ಚಾವಣಿ ನೀತಿಯನ್ನು ತಂದಿದೆ. ನಮ್ಮ ವಸತಿ ಯೋಜನೆಗಳೂ ಆರ್‌ಸಿಸಿಯ ಮೇಲೆ ಬಿಳಿ ಸುಣ್ಣಕ್ಕೋ ಹೆಂಚಿನ ಹೊದಿಕೆಗೋ ಒಂದು ಪ್ರತ್ಯೇಕ ಬಾಬ್ತನ್ನು ಅಂದಾಜುಪಟ್ಟಿಯಲ್ಲಿ ಸೇರಿಸಬೇಕು.